ಎಲೆ ಇಟ್ಟು ಎದ್ದವರು

"ಗುರುಗಳ, ಆರಂಭದ ನಡಿ ಮುನ್ನೂರು ಬಾಯಿಪಾಠ ಮಾಡೇನ್ರಿ. ಸಮಸ್ಯೆಗಳ ಪುಸ್ತಕ ಎರಡು ಸಲ ಮುಗಿಸೇನ್ರಿ. ಆದ್ರೂ ಸೋಲ್ತೀನಿ. ಇನ್ನ ಏನು ಓದಬೇಕ್ರಿ?"

ಮಹಾಬಲ ಹೆಗಲ ಚೀಲ ಇಳಿಸುವ ಮೊದಲೇ ಕೇಳಿದ ಪ್ರಶ್ನೆ ಇದು. ಹಿಂದಿನ ದಿನ ಜಿಲ್ಲಾ ಚೆಸ್ ಪಂದ್ಯದ ಕೊನೆಯ ಸುತ್ತಿನಲ್ಲಿ ಅವನು ಸೋತಿದ್ದ. ಅವನು ಗೆಲ್ಲಲೇಬೇಕು ಎಂದೇನೂ ಇರಲಿಲ್ಲ. ಆಟ ಸಮವಾಗಿದ್ದರೂ ರಾಜ್ಯದ ಪಂದ್ಯಕ್ಕೆ ಹೋಗುತ್ತಿದ್ದ. ಮೂರು ವರ್ಷದಿಂದ ಅಂಚೆ ಕಚೇರಿಯ ಕೆಲಸ ಮುಗಿಸಿ ನೇರವಾಗಿ ಅಡಿವೆಪ್ಪ ಗುರುಗಳ ಪಡಸಾಲೆಗೆ ಬರುತ್ತಿದ್ದದ್ದು ಆ ಒಂದು ಆಸೆಯಿಂದ. ಬರುವ ವರ್ಷ ಅವನ ವಯಸ್ಸು ಆ ಪಂದ್ಯದ ಮಿತಿ ದಾಟುತ್ತದೆ. ಅವನಿಗೆ ಬಹಳ ದುಃಖವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಪುಸ್ತಕಗಳ ಮೇಲೆ ಸಿಟ್ಟು ಬಂದಿತ್ತು.

ಗುರುಗಳು ನಿನ್ನೆಯ ಆಟದ ನಡೆಗಳನ್ನು ಬರೆದ ಹಾಳೆ ಕೇಳಿದರು. ಮಹಾಬಲ ಕೊಟ್ಟ. ಅವರು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಮಡಚಿ, ಕಿಸೆಗೆ ಹಾಕಿಕೊಂಡರು. ಮಣೆಯನ್ನು ಮುಂದಕ್ಕೆಳೆದು ಮಹಾಬಲನನ್ನು ಬಿಳಿ ಕಾಯಿಗಳ ಕಡೆ ಕೂರಿಸಿದರು. ಆಮೇಲೆ ಕತೆ ಶುರು ಮಾಡಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಹತ್ತಿ ವ್ಯಾಪಾರಿ ಇದ್ದ. ಆ ಊರಿನವರಿಗೆ ಚದುರಂಗದ ಹುಚ್ಚು. ಆಡುವುದಕ್ಕಿಂತ ಮರ್ಯಾದೆಯಿಂದ ಆಡುವುದು ಅವರಿಗೆ ದೊಡ್ಡದು. ಮಣೆಯ ಪಕ್ಕದಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟಿರುತ್ತಿದ್ದರು. ತನಗೆ ಸೋಲು ಬಂತು ಎಂದು ಯಾರಿಗೆ ಅನಿಸುತ್ತದೋ ಅವರು ಒಂದು ಎಲೆ ತೆಗೆದು ಎದುರಿನವರ ಮುಂದಿಟ್ಟು, "ಆಟ ನಿಮ್ಮದು" ಎಂದು ಎದ್ದುಬಿಡಬೇಕು. ರಾಜ ಸಿಕ್ಕಿಬೀಳುವ ತನಕ ಕೂತವನನ್ನು ಒರಟ ಎನ್ನುತ್ತಿದ್ದರು. ಅಂಥವನ ಮನೆಗೆ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಿದ್ದರಂತೆ. ಹೀಗಾಗಿ ಆ ಊರಿನಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದಲೂ ಒಂದು ಆಟವೂ ಕೊನೆ ಕಂಡಿರಲಿಲ್ಲ.

ವ್ಯಾಪಾರಿ ಎಲ್ಲರಿಗಿಂತ ಜಾಣ. ಆಟ ಹೇಗೆ ಶುರು ಮಾಡಬೇಕು ಎಂಬುದನ್ನು ನಾಲ್ಕು ದೇಶದ ಪುಸ್ತಕ ತರಿಸಿ ಕಲಿತಿದ್ದ. ಅಂಗಡಿಯ ಗದ್ದುಗೆಯ ಮೇಲೆ ಕೂತು ದಿನಕ್ಕೆ ಹತ್ತು ಸಮಸ್ಯೆ ಬಿಡಿಸುತ್ತಿದ್ದ. ಎದುರಾಳಿಯ ಆನೆ ಸಿಕ್ಕಿತು ಎಂದರೆ ಮುಗಿಯಿತು, ಪುಟ ತಿರುವುತ್ತಿದ್ದ. ಉಳಿದದ್ದನ್ನು ಯಾರಾದರೂ ಮಾಡಬಹುದು ಎಂಬುದು ಅವನ ಲೆಕ್ಕ. ತನಗೆ ಎಲೆ ಬಿದ್ದ ಪ್ರತಿ ಆಟದ ಕೊನೆಯ ಚಿತ್ರವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಬೀಗರು ಬಂದರೆ ಊಟಕ್ಕೆ ಮೊದಲು ಆ ಪುಸ್ತಕ ತೋರಿಸುತ್ತಿದ್ದ. ಹಸಿದವರು ಪಾಪ, ಹೂಂ ಹೂಂ ಎನ್ನುತ್ತಿದ್ದರು.

ಹೊಳೆಯ ನಡುವೆ ಒಂದು ನಡುಗಡ್ಡೆ ಇತ್ತು. ಬೇಸಿಗೆಯಲ್ಲೂ ಅಲ್ಲಿ ಹಸಿರು ಹುಲ್ಲು ಇರುತ್ತಿತ್ತು. ಆಚೆ ದಂಡೆಯ ಒಬ್ಬ ಕುರಿಗಾಹಿ ಅಲ್ಲಿ ಕುರಿ ಮೇಯಿಸುತ್ತಿದ್ದ. ಅವನ ತಂದೆಯೂ ಅಲ್ಲೇ ಮೇಯಿಸಿದ್ದ. ವ್ಯಾಪಾರಿಗೆ ಅಲ್ಲಿ ಅರಳೆಯ ಉಗ್ರಾಣ ಕಟ್ಟುವ ಮನಸ್ಸಾಯಿತು, ದೋಣಿ ನಿಲ್ಲಿಸಲು ಜಾಗ ಬಹಳ ಅನುಕೂಲವಾಗಿತ್ತು. ಮಾತಿಗೆ ಮಾತು ಬೆಳೆಯಿತು. ಎರಡೂ ದಂಡೆಯ ಹಿರಿಯರು ಕೂತರು, ಬಗೆಹರಿಯಲಿಲ್ಲ. ಅಷ್ಟರಲ್ಲಿ ಕುರಿಗಾಹಿಗೂ ಚದುರಂಗ ಬರುತ್ತದೆ ಎಂದು ಯಾರೋ ಅಂದರು. ವ್ಯಾಪಾರಿ ನಕ್ಕುಬಿಟ್ಟ.

"ಹಂಗಾದ್ರ ಒಂದು ಆಟ ಆಗ್ಲಿ. ನಾ ಗೆದ್ರ ನಡುಗಡ್ಡಿ ನಂದು. ನಾ ಸೋತ್ರೂ ನಿಂದು, ಸಮ ಆದ್ರೂ ನಿಂದು," ಎಂದ. ಸಮವಾದರೂ ನಿನ್ನದು ಎಂದದ್ದು ಬರೀ ಧಿಮಾಕಿನಿಂದ. ಕುರಿಗಾಹಿ ಸ್ವಲ್ಪ ಯೋಚಿಸಿ ಒಪ್ಪಿದ. ಒಪ್ಪದಿದ್ದರೆ ಹೇಗೂ ಓಡಿಸುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಇನ್ನೂರು ಕುರಿ, ಮುಂದೆ ಇಡೀ ಬೇಸಿಗೆ.

ಈ ಕುರಿಗಾಹಿ ಆಟ ಕಲಿತದ್ದು ಒಬ್ಬ ದಾರಿಹೋಕ ಸಿಪಾಯಿಯಿಂದ. ಸಿಪಾಯಿ ಎಲ್ಲ ಕಾಯಿಗಳ ನಡೆ ಹೇಳಿಕೊಟ್ಟು, ಹೋಗುವಾಗ ತನ್ನ ಕಾಯಿಗಳ ಚೀಲವನ್ನೇ ಕೊಟ್ಟು ಹೋಗಿದ್ದ. ಚೀಲಕ್ಕೆ ತೂತು. ಒಳಗೆ ಉಳಿದದ್ದು ಎರಡು ರಾಜ, ಒಂದು ಒಂಟೆ, ಮೂರು ಕಾಲಾಳು. ಕುರಿಗಾಹಿ ಬಂಡೆಯ ಮೇಲೆ ಇದ್ದಿಲಿನಿಂದ ಮನೆ ಬರೆದು, ಆ ಆರು ಕಾಯಿಗಳಲ್ಲೇ ಹೆಂಡತಿಯ ಜೊತೆ ಹದಿನಾರು ವರ್ಷ ಆಡಿದ. ಒಂದು ದಿನ ಒಂಟೆ ಅವನಿಗೆ, ಮರುದಿನ ಅವಳಿಗೆ. ಹೆಂಡತಿ ಮಹಾ ಹಟಮಾರಿ. ಬರೀ ರಾಜ ಉಳಿದರೂ ಸೋತೆ ಎನ್ನುತ್ತಿರಲಿಲ್ಲ. ಎಲ್ಲಿ ನಿಂತರೆ ಉಳಿಯಬಹುದು ಎಂದು ಹುಡುಕುತ್ತಲೇ ಇರುತ್ತಿದ್ದಳು.

ಆಟದ ದಿನ ಬೆಳಿಗ್ಗೆಯೇ ಊರು ನೆರೆಯಿತು. ಬಿಳಿ ಕಾಯಿ ವ್ಯಾಪಾರಿಯದು, ಕಪ್ಪು ಕುರಿಗಾಹಿಯದು. ಮೊದಲ ಹತ್ತು ನಡೆಗಳನ್ನು ವ್ಯಾಪಾರಿ ಕಣ್ಣುಮುಚ್ಚಿ ಆಡಿದ. ಅಷ್ಟರಲ್ಲಿ ಅವನಿಗೆ ಕುರಿಗಾಹಿಯ ಒಂದು ಒಂಟೆ ಸಿಕ್ಕಿತು. ಇಷ್ಟೊಂದು ಕಾಯಿಗಳನ್ನು ಒಟ್ಟಿಗೆ ನೋಡಿ ಕುರಿಗಾಹಿ ಬೆವತುಹೋಗಿದ್ದ. ಅವನಿಗೆ ತಿಳಿದ ದಾರಿ ಒಂದೇ. ಕಾಯಿಗೆ ಕಾಯಿ ಕೊಟ್ಟು, ಕಾಯಿಗೆ ಕಾಯಿ ತೆಗೆದು, ಮಣೆಯನ್ನು ಖಾಲಿ ಮಾಡುತ್ತಾ ಹೋದ. ವ್ಯಾಪಾರಿಗೂ ಅದು ಹಿತವೆನಿಸಿತು. ಹೆಚ್ಚು ಬಲ ಇದ್ದವನಿಗೆ ಬೇಗ ಮುಗಿದಷ್ಟೂ ಒಳ್ಳೆಯದಲ್ಲವೇ.

ಕೊನೆಗೆ ವ್ಯಾಪಾರಿಯ ಬಳಿ ಒಂದು ಒಂಟೆ, ಮಣೆಯ ಅಂಚಿನ ಸಾಲಿನಲ್ಲಿ ಒಂದು ಕಾಲಾಳು, ನಡುವೆ ಇನ್ನೊಂದು ಕಾಲಾಳು ಉಳಿದವು. ಕುರಿಗಾಹಿಯ ಬಳಿ ಒಂದೇ ಕುದುರೆ. ಅವನು ಆ ಕುದುರೆಯನ್ನೂ ಕೊಟ್ಟು ನಡುವಿನ ಕಾಲಾಳನ್ನು ಹೊಡೆದ. ಜನ ಗೊಳ್ಳೆಂದು ನಕ್ಕರು. ಈಗ ಅವನಿಗೆ ಬರೀ ರಾಜ. ಹಿಂದೆ ಕೂತವರು ಎದ್ದು ಧೋತರ ಝಾಡಿಸಿಕೊಂಡರು. ವ್ಯಾಪಾರಿ ಎಲೆಯ ತಟ್ಟೆಯನ್ನು ಕುರಿಗಾಹಿಯ ಕಡೆ ಸರಿಸಿದ.

ಕುರಿಗಾಹಿ ತಟ್ಟೆಯನ್ನು ನೋಡಲಿಲ್ಲ. ರಾಜನನ್ನು ಎತ್ತಿ ಮೂಲೆಯ ಕಡೆ ಒಂದು ಮನೆ ನಡೆಸಿದ.

ವ್ಯಾಪಾರಿಗೆ ಅಸಹ್ಯವಾಯಿತು. ಆದರೂ ಕಾಲಾಳನ್ನು ತಳ್ಳಿದ. ಅದು ಕೊನೆಯ ಮನೆ ಮುಟ್ಟಿದರೆ ಮಂತ್ರಿಯಾಗುತ್ತದೆ, ಆಮೇಲೆ ಇವನು ಎಷ್ಟು ಹೊತ್ತು ಕೂರುತ್ತಾನೆ ನೋಡೋಣ ಎಂದುಕೊಂಡ. ಆ ಕೊನೆಯ ಮನೆ ಮೂಲೆಯ ಮನೆ. ಅದರ ಬಣ್ಣ ಕಪ್ಪು. ವ್ಯಾಪಾರಿಯ ಒಂಟೆ ಬಿಳಿ ಮನೆಗಳಲ್ಲೇ ಓರೆಯಾಗಿ ಓಡಾಡುವ ಒಂಟೆ, ಜನ್ಮದಲ್ಲಿ ಕಪ್ಪು ಮನೆಗೆ ಕಾಲಿಡುವಂಥದ್ದಲ್ಲ. ಕುರಿಗಾಹಿಯ ರಾಜ ಆ ಮೂಲೆಗೆ ಹೋಗಿ ಕೂತ. ಅವನನ್ನು ಅಲ್ಲಿಂದ ಎಬ್ಬಿಸುವವರು ಯಾರೂ ಇರಲಿಲ್ಲ.

ಇಪ್ಪತ್ತು ನಡೆ ಆಯಿತು, ಮೂವತ್ತಾಯಿತು. ವ್ಯಾಪಾರಿ ಬಂದ ದಾರಿಯಲ್ಲೆಲ್ಲ ಮತ್ತೆ ಬಂದ. ರಾಜ ಮೂಲೆಯಿಂದ ಪಕ್ಕಕ್ಕೆ, ಪಕ್ಕದಿಂದ ಮೂಲೆಗೆ. ಇಪ್ಪತ್ತೆರಡು ವರ್ಷ ಆಡಿದ ವ್ಯಾಪಾರಿ ಒಂದು ಸಲವೂ ಒಬ್ಬ ರಾಜನನ್ನು ಕೈಯಾರೆ ಹಿಡಿದವನಲ್ಲ. ಅದು ಹೇಗೆ ಎಂದು ಅವನಿಗೆ ಗೊತ್ತಿಲ್ಲ ಎಂಬುದು ಅವನಿಗೇ ಆಗ ಗೊತ್ತಾಯಿತು. ಕೊನೆಗೆ ತಾಳ್ಮೆಗೆಟ್ಟು ಕಾಲಾಳನ್ನು ರಾಜನ ಮೂತಿಗೆ ತಂದು ನಿಲ್ಲಿಸಿ, ತನ್ನ ರಾಜನನ್ನೂ ಅದರ ಬೆನ್ನಿಗೆ ತಂದ. ಮೂಲೆಯ ರಾಜನಿಗೆ ಯಾರ ಏಟೂ ಇರಲಿಲ್ಲ, ಹೋಗಲು ಮನೆಯೂ ಇರಲಿಲ್ಲ. ಎರಡು ದಂಡೆಯ ಹಿರಿಯರೂ ಬಗ್ಗಿ ನೋಡಿದರು. ಏಟಿಲ್ಲದೆ ನಡೆ ನಿಂತರೆ ಸೋಲಲ್ಲ, ಆಟ ಸಮ ಎಂದರು.

"ಮರ್ಯಾದಿ ಇಲ್ಲೇನು ನಿನಗ? ಆಗಲೇ ಎಲಿ ಇಟ್ಟು ಏಳಬೇಕಿತ್ತು," ಎಂದು ವ್ಯಾಪಾರಿ ಕೂಗಿದ.

"ಸೋತವ್ರು ಎಲಿ ಇಡಬೇಕು ಅಂದಿದ್ರಿ, ಸಾವ್ಕಾರ್ರ. ನಾ ಸೋತಿದ್ದಿಲ್ಲಲ್ರೀ," ಎಂದ ಕುರಿಗಾಹಿ. ಅಣಕಿಸಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ. ಆಮೇಲೆ ಕಂಬಳಿ ಹೆಗಲಿಗೆ ಹಾಕಿಕೊಂಡು ದೋಣಿಯ ಕಡೆ ನಡೆದ.

ವ್ಯಾಪಾರಿ ಎಂಟು ದಿನ ಅಂಗಡಿ ತೆರೆಯಲಿಲ್ಲ. ಒಂಬತ್ತನೆಯ ದಿನ ತನ್ನ ಗೆಲುವುಗಳ ಪುಸ್ತಕ ಬಗಲಲ್ಲಿಟ್ಟುಕೊಂಡು ನಡುಗಡ್ಡೆಗೆ ಹೋದ. ಕುರಿಗಾಹಿಯ ಹೆಂಡತಿ ಅವನಿಗೆ ಮಜ್ಜಿಗೆ ಕೊಟ್ಟಳು. ಬಂಡೆಯ ಮೇಲೆ ಮೊದಲ ಚಿತ್ರವನ್ನು ಹಾಕಿದರು. ಕಾಯಿ ಸಾಲದ ಕಡೆ ಬೆಣಚುಕಲ್ಲು ಇಟ್ಟರು. ಎಲೆ ಬಿದ್ದ ಜಾಗದಿಂದ ಆಟ ಮುಂದುವರಿಸಿದರು. ಎಲೆ ಇಟ್ಟವನ ಕಡೆ ಆ ಹಟಮಾರಿ ಹೆಂಗಸೇ ಕೂತಳು. ಹೀಗೆ ವಾರಗಟ್ಟಲೆ ಆಡಿದರು. ಕೆಲವು ಆಟಗಳು ನಿಜವಾಗಿ ವ್ಯಾಪಾರಿ ಗೆದ್ದವೇ ಆಗಿದ್ದವು. ಬಹಳಷ್ಟು ಆಗಿರಲಿಲ್ಲ. ಒಂದರಲ್ಲಂತೂ ಎಲೆ ಇಟ್ಟು ಎದ್ದವನೇ ಗೆಲ್ಲಬೇಕಿತ್ತು. ಅವನು ಊರಿನ ಎಣ್ಣೆ ಗಾಣದವನು. ಆ ಸೋಲಿನ ಮೇಲೆ ತನಗೆ ಬುದ್ಧಿ ಸಾಲದು ಎಂದು ಹೇಳಿ ಅವನು ಚದುರಂಗವನ್ನೇ ಬಿಟ್ಟಿದ್ದ.

ವ್ಯಾಪಾರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು. ಅವನು ಒಂದು ವೀಳ್ಯದೆಲೆ ಹಿಡಿದುಕೊಂಡು ಗಾಣದ ಮನೆಗೆ ಹೋಗಿ ಆ ಮುದುಕನ ಮುಂದಿಟ್ಟ. "ಹನ್ನೊಂದು ವರ್ಷದ ಹಿಂದಿನ ಎಲಿ ಇದು. ಇದು ನಂದಾಗಿದ್ದಿಲ್ಲ," ಎಂದ. ಮುದುಕ ಎಲೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅವನು ಮತ್ತೆ ಆಡಿದನೋ ಇಲ್ಲವೋ ನನಗೆ ಗೊತ್ತಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೇಳುತ್ತಾ ಹೇಳುತ್ತಾ ಅವರು ಮಣೆಯ ಮೇಲೆ ನಾಲ್ಕು ಕಾಯಿ ಇಟ್ಟಿದ್ದರು. ಬಿಳಿಗೆ ರಾಜ, ಒಂಟೆ, ಅಂಚಿನಲ್ಲಿ ಒಂದು ಕಾಲಾಳು. ಕಪ್ಪಿಗೆ ಬರೀ ರಾಜ.

"ಕರಿ ರಾಜ ಮೂಲಿ ಮುಟ್ಟತಾನೇನು ನೋಡು," ಎಂದರು.

ಮಹಾಬಲ ಬಗ್ಗಿ ನೋಡಿದ. ಒಂಟೆ ನಿಂತ ಮನೆಯ ಬಣ್ಣ ನೋಡಿದ, ಮೂಲೆಯ ಬಣ್ಣ ನೋಡಿದ. ಬೆರಳಿನಿಂದ ಮನೆಗಳನ್ನು ಎಣಿಸಿದ. ಬೆಳಗಿನಿಂದ ಬಾಡಿದ್ದ ಮುಖ ಮೊದಲ ಸಲ ಅರಳಿತು. ಬೇರೆಯವರ ಸಂತೋಷವಾದರೂ ಸಂತೋಷವೇ.

"ಎರಡ ನಡಿ ಸಾಕ್ರಿ ಗುರುಗಳ. ಆರಾಮ ಮುಟ್ಟತಾನ. ಆಟ ಸಮ. ಕುರಿ ಕಾಯಾವ ಉಳಕೊಂಡ," ಎಂದ.

ಗುರುಗಳು ಕಿಸೆಯಿಂದ ಹಾಳೆ ತೆಗೆದು, ಬಿಡಿಸಿ, ಮಣೆಯ ಪಕ್ಕದಲ್ಲಿಟ್ಟರು. ಆಮೇಲೆ ಮಣೆಯನ್ನು ತಿರುಗಿಸಿ ಕಪ್ಪು ರಾಜನನ್ನು ಅವನ ಕಡೆಗೆ ತಂದರು.

"ಇದು ಕುರಿ ಕಾಯಾವನ ಆಟ ಅಲ್ಲ ಮಹಾಬಲ, ನಿನ್ನೆ ನೀ ಸೋತೆ ಅಂತ ಕೈ ಕುಲುಕಿ ಎದ್ದು ಬಂದ ಆಟ."