ಅಧ್ಯಕ್ಷರ ಗೇಟಿಗೆ ಬಂದ ಬ್ಯಾನರ್

ಸಮಾಜಸೇವೆ ಮಾಡಲೆಂದು ಕಾಲೇಜಿನ ನಾಲ್ವರು ವಿದ್ಯಾರ್ಥಿಗಳಿಗೆ ತಿಂಗಳಿಗಿಷ್ಟು ಹಣ ಕೊಡುವ ಫೆಲೋಶಿಪ್ ಸಿಕ್ಕಿತ್ತು. ಕಾಲೇಜಿನ ಅಧ್ಯಕ್ಷ ಚನ್ನವೀರಪ್ಪನವರು ಗುಮಾಸ್ತೆ ಹೇಮಾವತಿಯನ್ನು ಕರೆಸಿದರು.

“ಆ ನಾಲ್ವರನ್ನೂ ನಮ್ಮನೆಗೆ ಕಳಿಸಮ್ಮಾ. ಕಾರು ತೊಳೀಲಿ, ಕಳೆ ಕೀಳಲಿ. ಅದೂ ಸೇವೆನೇ. ಆಗಲ್ಲ ಅಂದ್ರೆ ನಾಳೆಯಿಂದ ನೀನೂ ಬರಬೇಡ.”

“ಆಗಲಿ ಸಾರ್. ಆದ್ರೆ ಯಾರಿಗೆ, ಯಾಕೆ ಸೇವೆ ಅಂತ ಬ್ಯಾನರ್ ಕಟ್ಟಿ, ಫೆಲೋಶಿಪ್ ಕೊಡೋರಿಗೆ ಫೋಟೊ ಕಳಿಸಬೇಕು. ರೂಲ್ಸು.”

“ಕಟ್ಟು. ನನ್ನ ಹೆಸರು ದೊಡ್ಡದಾಗಿರಲಿ.”

ಮರುದಿನ ಗೇಟಿಗೆ ಬ್ಯಾನರ್ ಬಂತು: ‘ಕೈಲಾಗದ ಹಿರಿಯರಿಗೆ ಉಚಿತ ಸೇವೆ. ಫಲಾನುಭವಿ: ಶ್ರೀ ಚನ್ನವೀರಪ್ಪ.’ ಹೆಸರು ಮಾತ್ರ ಅವರು ಹೇಳಿದಷ್ಟೇ ದೊಡ್ಡದಾಗಿತ್ತು.

ಹತ್ತು ಗಂಟೆಗೆಲ್ಲ ಮಹಿಳಾ ಸಮಾಜದವರು ಬ್ರೆಡ್ಡು, ಬಾಳೆಹಣ್ಣು, ಕಂಬಳಿ ಹಿಡಿದು ಬಂದರು.

“ನಾನು ಕಾಲೇಜಿನ ಅಧ್ಯಕ್ಷ ಕಣ್ರೀ!” ಎಂದು ಚನ್ನವೀರಪ್ಪನವರು ಕೂಗಾಡಿದರು.

“ಆಯ್ತು ಅಜ್ಜಾ,” ಎಂದು ಒಬ್ಬಾಕೆ ಹಣ್ಣು ಸುಲಿದು ಅವರ ಕೈಗಿಟ್ಟಳು. “ಮೊದಲು ಇದನ್ನ ತಿನ್ನಿ.”