ರಾಗಿ ಹೊಲದ ಹಳದಿ ಸಾಲು

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲವದು. ಯಾವ ಕಡೆ ಹರಿಯಬೇಕೆಂದು ಹೊಳೆಗೇ ಗೊತ್ತಿರಲಿಲ್ಲ, ಗುಡ್ಡವನ್ನು ಕೇಳಿ ಕೇಳಿ ಹರಿಯುತ್ತಿತ್ತು. ಆಗ ಜೇನುಹುಳುವಿನ ಸೊಂಟ ದಪ್ಪಗಿತ್ತು. ಹುಚ್ಚೆಳ್ಳಿನ ಹಳದಿ ಹೂವು ಮನಸ್ಸು ಬಂದ ಕಡೆಯೆಲ್ಲ ತಾನಾಗಿ ಅರಳುತ್ತಿತ್ತು.

ಆ ಕಾಲದಲ್ಲಿ ಬೋರಕ್ಕ ಅಂತ ಒಬ್ಬಳಿದ್ದಳು. ಅಚ್ಚುಕಟ್ಟೆಂದರೆ ಅವಳಿಗೆ ಪ್ರಾಣ. ಹೊಲವನ್ನೂ ಗುಡಿಸಿದ ಅಂಗಳದ ಹಾಗೆ ಇಟ್ಟಿದ್ದಳು. ರಾಗಿ ಬಿಟ್ಟು ಬೇರೇನು ಕಂಡರೂ ಕಿತ್ತು ತಿಪ್ಪೆಯ ಮಗ್ಗುಲಿಗೆ ಎಸೆಯುವಳು. ಹುಚ್ಚೆಳ್ಳನ್ನಂತೂ ಒಂದನ್ನೂ ಬಿಡಲಿಲ್ಲ.

"ಹೊಲ ಅಂದ್ರೆ ಹಿಂಗಿರ್ಬೇಕು" ಎಂದು ಬೀಗುವಳು. ಅವಳನ್ನು ನೋಡಿ ಊರವರೂ ಹಾಗೇ ಕಿತ್ತರು.

ಬೋರಕ್ಕನ ಬಳಿ ಏಳು ಕುಂಬಳದ ಬೀಜ ಇದ್ದವು. ತೀರಿಹೋದ ಅವ್ವ ಸಗಣಿ ಉಂಡೆಗೆ ಮೆತ್ತಿ, ಗೋಡೆಗೆ ಬಡಿದು ಕಾಪಾಡಿಟ್ಟ ಬೀಜ. ಲೋಕದಲ್ಲಿ ಕುಂಬಳ ಅಂತ ಉಳಿದಿದ್ದು ಅಷ್ಟೇ. ಏಳನ್ನೂ ಬಿತ್ತಿದಳು. ಈ ಸಲ ಕಾಯಿ ಕಚ್ಚದಿದ್ದರೆ ಕುಂಬಳದ ವಂಶವೇ ಮುಗಿಯಿತು.

ಬಳ್ಳಿ ಹಬ್ಬಿತು, ಹೂವು ಬಿಟ್ಟಿತು. ಬೆಳಿಗ್ಗೆ ಅರಳಿದ್ದು ಬಿಸಿಲೇರುವಷ್ಟರಲ್ಲಿ ಮುಚ್ಚಿತು. ಹೂವಿನ ಬುಡದ ಹೀಚು ಹಳದಿಯಾಗಿ ಉದುರಿತು. ಮರುದಿನವೂ ಉದುರಿತು. ಅದರ ಮರುದಿನವೂ ಉದುರಿತು. ಬೋರಕ್ಕ ಬದು ಹತ್ತಿ ಗಾಳಿಯನ್ನು ಕರೆದಳು.

"ಗಾಳಿಯಣ್ಣ, ರಾಗಿ ತೆನೆಗೆಲ್ಲ ನೀನೇ ಹೂಪುಡಿ ಹಂಚ್ತೀಯ. ನನ್ನ ಕುಂಬಳಕ್ಕೂ ಒಂಚೂರು ಊದಪ್ಪ" ಎಂದು ಬೇಡಿದಳು.

ಗಾಳಿ ಊದಿತು. ಕೆನ್ನೆ ಉಬ್ಬಿಸಿ ಮತ್ತೆ ಊದಿತು. "ಆಗಲ್ಲಕ್ಕ. ರಾಗಿ ಪುಡಿ ಹಗುರ, ಹಾರ್ತದೆ. ಇದು ಅಂಟು. ತುಡುವೆ ಜೇನು ಮೈಗೆ ಮೆತ್ಕೊಂಡು ಹೋದ್ರೇ ಆಗೋದು."

ಬೋರಕ್ಕ ಹುಡುಕಿಕೊಂಡು ಹೋದಳು. ಹುಣಸೆಮರದ ಪೊಟರೆಯಲ್ಲಿ ತುಡುವೆಗಳು ಸುಮ್ಮನೆ ಕುಳಿತಿದ್ದವು. ಹಸಿವು ತಡೆಯಲಾರದೆ ಒಂದೊಂದೂ ಸೊಂಟಕ್ಕೆ ಹುಲ್ಲಿನ ಎಳೆ ಬಿಗಿದುಕೊಂಡಿತ್ತು.

"ಯಾಕ್ರೇ ಬರ್ತಿಲ್ಲ?"

"ಹಾರೋಕೆ ತ್ರಾಣ ಎಲ್ಲಿದೆ ಅಕ್ಕ? ಕುಂಬಳದ ಹೂವು ಬೆಳಿಗ್ಗೆ ಒಂದು ಗಳಿಗೆ. ಮಿಕ್ಕ ಹೊತ್ತು ಏನು ತಿನ್ನೋದು? ನಮ್ಮ ಬುತ್ತಿ ಎಲ್ಲ ನೀನೇ ಕಿತ್ತು ಎಸೆದೆ" ಎಂದಿತು ಒಂದು ತುಡುವೆ, ಬೇಸರವಿಲ್ಲದ ದನಿಯಲ್ಲಿ. ಅದು ಬೈದಿದ್ದರೇ ವಾಸಿಯಿತ್ತು. ಬೋರಕ್ಕನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ನೇರ ತಿಪ್ಪೆಗೆ ಓಡಿದಳು. ಎಸೆದ ಹುಚ್ಚೆಳ್ಳು ಅಲ್ಲೇ ಬೇರು ಬಿಟ್ಟು ಮೊಗ್ಗು ಹಿಡಿದಿತ್ತು. ಗಟ್ಟಿ ಪಿಂಡ. ಮಣ್ಣಿನ ಸಮೇತ ಎತ್ತಿ ತಂದು, ರಾಗಿಯ ಎಂಟು ಸಾಲಿಗೊಂದು ಸಾಲು ನೆಟ್ಟಳು, ಬದುವಿನುದ್ದಕ್ಕೂ ನೆಟ್ಟಳು. ಒಡೆದ ಮಡಕೆಯ ಚೂರುಗಳಲ್ಲಿ ನೀರು ತುಂಬಿ, ಕುಡಿಯಲು ಬಂದ ಹುಳು ಮುಳುಗದಿರಲೆಂದು ನಡುವೆ ಬೆಣಚುಕಲ್ಲು ಇಟ್ಟಳು.

ಪಕ್ಕದ ಹೊಲದ ಜವರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಬೋರಕ್ಕ, ಕಳೆ ನಾಟಿ ಮಾಡ್ತಾ ಇದ್ದೀಯ?"

"ಹೂಂ ಕಣಪ್ಪ. ಮೂರು ದಿನ ಬಿಟ್ಟು ಬಂದು ನಗು."

ಅಷ್ಟರಲ್ಲಿ ಆರು ಬಳ್ಳಿ ಒಣಗಿದವು. ಏಳನೆಯದರಲ್ಲಿ ಉಳಿದಿದ್ದು ಒಂದೇ ಹೀಚು, ಅದರ ತಲೆಯ ಮೇಲೆ ಒಂದೇ ಮೊಗ್ಗು, ಪಕ್ಕದಲ್ಲೊಂದು ಗಂಡು ಮೊಗ್ಗು.

ಮೂರನೆಯ ದಿನ ಬೆಳಕು ಹರಿಯುವಾಗ ಹುಚ್ಚೆಳ್ಳು ಅರಳಿತು. ಗಾಳಿ ಅದರ ಕಂಪನ್ನು ಹೊತ್ತು ಹುಣಸೆಮರಕ್ಕೆ ಓಡಿತು. ಕುಂಬಳದ ಎರಡು ಮೊಗ್ಗೂ ಬಾಯಿ ತೆರೆದವು. ಬೋರಕ್ಕ ಬಳ್ಳಿಯ ಪಕ್ಕದಲ್ಲೇ ಕಾದು ಕುಳಿತಳು.

ಮೊದಲು ಒಂದು ಜುಂಯ್ ಎಂದಿತು, ಆಮೇಲೆ ನೂರು. ಹುಚ್ಚೆಳ್ಳಿನಲ್ಲಿ ಹೊಟ್ಟೆ ತುಂಬಿಸಿಕೊಂಡ ತುಡುವೆಯೊಂದು ಕುಂಬಳದ ಗಂಡು ಹೂವಿಗೆ ನುಗ್ಗಿ, ಮೈಯೆಲ್ಲ ಅರಿಸಿನವಾಗಿ ಎದ್ದು, ಹೀಚಿನ ಹೂವಿಗೆ ಇಳಿಯಿತು.

ಆ ಹೀಚು ಉದುರಲಿಲ್ಲ. ಬೆಳೆಯಿತು, ಇನ್ನೂ ಬೆಳೆಯಿತು. ಕೊಯ್ದ ದಿನ ಅದನ್ನು ಎತ್ತಲು ನಾಲ್ಕು ಜನ ಬೇಕಾದರು, ಮುಂದಿನ ತುದಿ ಹಿಡಿದವನು ಜವರಣ್ಣನೇ. ಬೋರಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೇಳಿದವರಿಗೆಲ್ಲ ಕುಂಬಳದ ಬೀಜ ಕೊಟ್ಟಳು, ಜೊತೆಗೊಂದು ಹಿಡಿ ಹುಚ್ಚೆಳ್ಳು. "ಇದನ್ನ ಬಿತ್ತದೋರಿಗೆ ಅದೂ ಇಲ್ಲ" ಎಂದಳು.

"ಇನ್ನಾದರೂ ಸೊಂಟದ ಆ ಹುಲ್ಲು ಬಿಚ್ಚಿಕೊಳ್ಳೇ" ಎಂದು ತುಡುವೆಗೂ ಹೇಳಿದಳು.

"ಪುರುಸೊತ್ತೆಲ್ಲಿ ಅಕ್ಕ? ಊರ ತುಂಬ ಹೂವು" ಎನ್ನುತ್ತಾ ಅದು ಹಾರಿಯೇ ಹೋಯಿತು.

ಅದಕ್ಕೇ ಮಗು, ಜೇನುಹುಳುವಿನ ಸೊಂಟ ಇವತ್ತಿಗೂ ಅಷ್ಟು ಸಣ್ಣ, ರಾಗಿ ಹೊಲದ ನಡುವೆ ಇವತ್ತಿಗೂ ಹುಚ್ಚೆಳ್ಳಿನ ಹಳದಿ ಸಾಲು; ಅದು ಬೋರಕ್ಕ ಬಡಿಸಿಟ್ಟ ಊಟದ ಪಂಕ್ತಿ.