ಕುಚ್ಚುಮೀನಿನ ಮರಿಗಳು ಕೆಂಪಾದದ್ದು

ಏ ಮಗಾ, ಆ ಕಲ್ಲು ಕೆಳಗಿಡು ಮೊದಲು! ನೀರಲ್ಲಿ ಕೆಂಪಗೆ ಏನೋ ಕಂಡಿತು ಅಂತ ಕಲ್ಲು ಹೊಡೆಯೋದಾ? ಬಾ, ಏರಿ ಮೇಲೆ ನನ್ನ ಪಕ್ಕ ಕೂತುಕೋ. ಅದೇನು ಅಂತ ನಾನು ಹೇಳ್ತೀನಿ.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಕಡೆ ಬೀಸಬೇಕು ಅಂತ ಗಾಳಿಗೂ ಗೊತ್ತಿರಲಿಲ್ಲ. ಆಗಲೂ ಈ ಕೆರೆ ಇತ್ತು. ಇದು ಯಾರೊಬ್ಬರದೂ ಅಲ್ಲ, ಎಲ್ಲರದೂ ಹೌದು. ಕೊಕ್ಕರೆ ಬರುತ್ತಿತ್ತು, ನೀರುನಾಯಿ ಬರುತ್ತಿತ್ತು. ಮನುಷ್ಯರೂ ಬಂದು ದಡದಲ್ಲಿ ಬಿಡಾರ ಹೂಡಿ, ಮೀನು ಹಿಡಿದು, ಸುಟ್ಟು ತಿಂದು ಹೋಗುತ್ತಿದ್ದರು.

ಹಾಗೆ ಬಂದವರು ದ್ಯಾಮಣ್ಣ, ಅವನ ಹೆಂಡತಿ ಸಾಕವ್ವ. ದ್ಯಾಮಣ್ಣ ಹರಿಗೋಲಿನಲ್ಲಿ ನಿಂತು ಬಲೆ ಬೀಸಿದರೆ ಕೆರೆಯೇ ಮುಚ್ಚಿದ ಹಾಗಾಗುತ್ತಿತ್ತು. ದೊಡ್ಡ ಮೀನು ಸಿಗುತ್ತಿತ್ತು, ಜೊತೆಗೆ ಬೆರಳುಗುರಿನಷ್ಟು ಮರಿಗಳೂ ಸಿಗುತ್ತಿದ್ದವು. ಬಲೆ ಬಿಡಿಸುವಷ್ಟರಲ್ಲಿ ಅವೆಲ್ಲ ಸತ್ತೇಹೋಗುತ್ತಿದ್ದವು.

ಹೆಚ್ಚಾಗಿ ಅವು ಕುಚ್ಚುಮೀನಿನ ಮರಿಗಳು. ಕುಚ್ಚುಮೀನು ಗೊತ್ತಲ್ಲ, ಹಾವಿನ ತಲೆ ಇರುತ್ತೆ ನೋಡು, ಅದು. ಮರಿಗಳನ್ನು ಕಾಯೋದು ಅಪ್ಪ ಮೀನು. ಪಾಪ, ಅದರ ಎರಡು ಮರಿಹಿಂಡು ಬಲೆಗೆ ಹೋಗಿ, ಮೂರನೆಯದು ಮಾತ್ರ ಉಳಿದಿತ್ತು. ಇದೂ ಹೋದರೆ ಕೆರೆಯಲ್ಲಿ ಕುಚ್ಚುಮೀನಿನ ವಂಶವೇ ಇಲ್ಲ!

ಒಂದು ಬೆಳಗ್ಗೆ ಸಾಕವ್ವ ಮೂರು ಕಲ್ಲಿನ ಒಲೆ ಮೇಲೆ ಮುದ್ದೆಗೆ ಎಸರಿಟ್ಟಿದ್ದಳು. ಅಪ್ಪ ಮೀನು ನೀರಿನಿಂದ ಹೊರಗೆ ಬಂದು, ಕೆಸರಿನಲ್ಲಿ ತೆವಳುತ್ತಾ ತೆವಳುತ್ತಾ ಒಲೆ ಹತ್ತಿರವೇ ಬಂತು.

"ಅಯ್ಯಯ್ಯೋ, ಸಾರಿನ ಮೀನು ತಾನಾಗೇ ನಡ್ಕೊಂಡು ಬಂತಲ್ಲೇ!" ಅಂದ ದ್ಯಾಮಣ್ಣ.

"ಬೇಕಾದ್ರೆ ನನ್ನನ್ನ ತಿನ್ನು ಅಣ್ಣಾ," ಅಂತು ಮೀನು. "ಆದ್ರೆ ನನ್ನ ಮಕ್ಕಳನ್ನ ಯಾಕೆ ಕೊಂದೆ? ಅವು ನಿನ್ನ ಹೊಟ್ಟೆಗೂ ಸಾಲಲ್ಲ."

ದ್ಯಾಮಣ್ಣನಿಗೆ ನಾಚಿಕೆಯಾಯಿತು. "ಬೇಕು ಅಂತ ಹಿಡಿದಿದ್ದಲ್ಲ ಕಣಪ್ಪಾ. ನಿನ್ನ ಮಕ್ಕಳೂ ಕೆಸರು ಬಣ್ಣ, ನೀರೂ ಕೆಸರು ಬಣ್ಣ. ಕಂಡಿದ್ದರೆ ಬಲೆ ಹಾಕ್ತಿರಲಿಲ್ಲ, ಇನ್ನು ಮೇಲೆ ಕಂಡರೂ ಹಾಕಲ್ಲ."

ಒಲೆಯೊಳಗಿನ ಕೆಂಡ ಇದನ್ನೆಲ್ಲ ಕೇಳಿಸಿಕೊಂಡಿತು. "ಕಾಣಬೇಕಾ? ನನ್ನ ಕೆಂಪು ತಗೊಂಡು ಹೋಗು. ಬಿಸಿ ಕೊಡಲ್ಲ, ಬಣ್ಣ ಕೊಡ್ತೀನಿ. ನಿನ್ನ ವಂಶದಲ್ಲಿ ಹುಟ್ಟೋ ಮರಿಗಳಿಗೆಲ್ಲ, ತಮ್ಮ ದಾರಿ ತಾವು ನೋಡಿಕೊಳ್ಳೋ ತನಕ ಇರುತ್ತೆ."

ಇದನ್ನು ಕೇಳಿ ದಡದಲ್ಲಿದ್ದ ಕೊಕ್ಕರೆ ಕಿಸಕ್ಕನೆ ನಕ್ಕಿತು. "ತಗೋ ತಗೋ! ಮನುಷ್ಯನಿಗೆ ಕಂಡರೆ ನನಗೂ ಕಾಣುತ್ತೆ. ಹುಡುಕೋ ಕಷ್ಟ ತಪ್ಪಿತು."

ಅಪ್ಪ ಮೀನು ಒದ್ದಾಡಿಹೋಯಿತು. ಬಣ್ಣ ಬೇಡ ಅಂದರೆ ಬಲೆ, ಬೇಕು ಅಂದರೆ ಕೊಕ್ಕು. ಎತ್ತ ಹೋದರೂ ಮಕ್ಕಳಿಗೇ ಕುತ್ತು. ಅಷ್ಟರಲ್ಲಿ ಮೈ ಒಣಗುತ್ತಾ ಬಂದಿತ್ತು.

"ಅಷ್ಟಗಲ ಬಲೆಯನ್ನ ನಾನು ತಡೆಯೋಕಾಗಲ್ಲ," ಅಂತು ಕೊನೆಗೆ. "ಕೊಕ್ಕರೆ ಜೊತೆ ಜಗಳ ಆಡಬಲ್ಲೆ. ಕೊಡು ಕೆಂಡಣ್ಣಾ."

ಸಾಕವ್ವ ಒಂದು ಕೆಂಡ ಎತ್ತಿ ನೀರಿಗೆ ಹಾಕಿದಳು. ಚುಂಯ್ ಅಂತು. ಕೆಂಪೆಲ್ಲ ನೀರಲ್ಲಿ ಹರಡಿ ಮರಿಗಳ ಮೈಗೆ ಹತ್ತಿತು. ಮೀನನ್ನು ಮೊರದಲ್ಲಿ ಎತ್ತಿಕೊಂಡು ಹೋಗಿ ಮಕ್ಕಳ ಹತ್ತಿರ ಬಿಟ್ಟವಳೂ ಅವಳೇ, ಪುಣ್ಯಾತ್ಗಿತ್ತಿ.

ಆಮೇಲೆ ಎರಡು ದಿನ ದ್ಯಾಮಣ್ಣನಿಗೆ ಒಂದು ಮೀನೂ ಬೀಳಲಿಲ್ಲ. ಮೂರನೆಯ ಬೆಳಗ್ಗೆ ಗಂಡ ಹೆಂಡತಿ ಹಸಿದುಕೊಂಡೇ ಹರಿಗೋಲು ಹತ್ತಿದರು. ಹೊಂಗೆ ಮರದ ನೆರಳಲ್ಲಿ ದೊಡ್ಡ ಮೀನೊಂದರ ಬೆನ್ನು ಮಿಂಚಿತು. ದ್ಯಾಮಣ್ಣ ಬಲೆ ಎತ್ತಿ ಗಿರ್ರನೆ ತಿರುಗಿಸಿದ.

ಅಲ್ಲೇ ಪಕ್ಕದಲ್ಲಿ ಕೆಂಪು ಮರಿಗಳು ಪುಳುಪುಳು ಅನ್ನುತ್ತಿದ್ದವು. ಕೆಳಗೆ ಅಪ್ಪ ಮೀನು ಬಲೆಯನ್ನೇ ನೋಡುತ್ತಿತ್ತು. ಹಸಿದ ಮನುಷ್ಯ, ಮಾತು ಉಳಿಸಿಕೊಳ್ಳುತ್ತಾನಾ?

ದ್ಯಾಮಣ್ಣನಿಗೆ ಕೆಂಪು ಕಂಡಿತು. ಅಷ್ಟರಲ್ಲಿ ಬಲೆ ಅರ್ಧ ಕೈಬಿಟ್ಟಿತ್ತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಿಂದಕ್ಕೆ ಎಳೆದ ನೋಡು, ಬಲೆ ಹಾರಿ ಬಂದು ಸಾಕವ್ವನ ತಲೆ ಮೇಲೆ ದಬಕ್ ಅಂತ ಬಿತ್ತು! ಹರಿಗೋಲು ಮೂರು ಸುತ್ತು ಸುತ್ತಿತು. ದೊಡ್ಡ ಮೀನು ಎತ್ತಲೋ ಹೋಯಿತು.

"ಇವತ್ತು ನನ್ನನ್ನೇ ಹಿಡಿದೆಯಾ ಮಾರಾಯಾ?" ಅಂದಳು ಸಾಕವ್ವ ಬಲೆಯೊಳಗಿಂದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವತ್ತು ಮುದ್ದೆಗೆ ಬರೀ ಉಪ್ಪು ಮೆಣಸಿನಕಾಯಿ ನಂಚಿಕೊಂಡು ಉಂಡರು.

ಅದೇ ಹೊತ್ತಿಗೆ ಕೊಕ್ಕರೆ ಮೆಲ್ಲಗೆ ಮರಿಗಳ ಕಡೆ ಕತ್ತು ಚಾಚಿತು. ಅಪ್ಪ ಮೀನು ಕೆಳಗಿಂದ ಛಂಗನೆ ನೆಗೆದು ಕಾಲು ಕಚ್ಚಿತು. ಕೊಕ್ಕರೆ ಕುಂಟುತ್ತಾ ಓಡಿದ್ದು, ಆ ದಿನವೆಲ್ಲ ಇತ್ತ ತಲೆಹಾಕಲಿಲ್ಲ. ಆದರೆ ನಾಳೆ ಬಾರದೇ ಇರುತ್ತಾ? ಅದಕ್ಕೇ ಅಪ್ಪ ಮೀನು ಅಲ್ಲಿಂದ ಕದಲಲಿಲ್ಲ, ಮೇಯುವುದಕ್ಕೂ ಹೋಗಲಿಲ್ಲ.

ಮರಿಗಳು ದೊಡ್ಡವಾದವು, ಕೆಂಪು ಕರಗಿತು. ಆಮೇಲೆ ಅವೂ ಎಲ್ಲ ಮೀನುಗಳ ಹಾಗೆಯೇ, ಬಲೆಗೆ ಬಿದ್ದರೆ ಬಿದ್ದವು, ತಪ್ಪಿಸಿಕೊಂಡರೆ ತಪ್ಪಿಸಿಕೊಂಡವು.

ಈಗ ಬಗ್ಗಿ ನೋಡು, ಮೆತ್ತಗೆ. ಅಲ್ಲಿ ಕೆಂಪಗೆ ಆಡ್ತಾ ಇದಾವಲ್ಲ, ಅವು ಕುಚ್ಚುಮೀನಿನ ಮರಿಗಳು. ಅವತ್ತಿನಿಂದ ಇವತ್ತಿನವರೆಗೂ ಆ ಕೆಂಪು ಕಂಡರೆ ಬಲೆಯವರು ಹರಿಗೋಲು ತಿರುಗಿಸಿಕೊಂಡು ಹೋಗ್ತಾರೆ, ಮತ್ತೆ ಅದರ ಕೆಳಗೆ, ನಮ್ಮ ಕಣ್ಣಿಗೆ ಬೀಳದ ಹಾಗೆ, ಒಬ್ಬ ಅಪ್ಪ ಉಪವಾಸ ಕಾಯ್ತಾ ಇರ್ತಾನೆ.